ಕಡೇ ಕೈ

ಜಪ್ಪಯ್ಯ ಎಂದರೂ ಬೋಲ್ಟು ಅಲುಗಲಿಲ್ಲ. ಚೂಟಿ ಸ್ಪ್ಯಾನರನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಪಾದವನ್ನು ಗೋಡೆಗೆ ಊರಿ, ಉಸಿರು ಬಿಗಿಹಿಡಿದು ಎಳೆದಳು. ಕಟಕ್ ಎಂದಿತು. ಬಿಚ್ಚಿತು ಎಂದು ಅವಳ ಮುಖ ಅರಳುವುದಕ್ಕೂ, ಸ್ಪ್ಯಾನರ್ ಜಾರಿ ಅವಳ ಗೆಣ್ಣುಗಳು ಕಬ್ಬಿಣಕ್ಕೆ ಬಡಿಯುವುದಕ್ಕೂ ಸರಿಹೋಯಿತು. ಬೋಲ್ಟು ಇದ್ದಲ್ಲೇ ಇತ್ತು. ಅದರ ಆರು ಮೂಲೆಗಳಲ್ಲಿ ಒಂದು ಮಾತ್ರ ಸವೆದು ಹೊಸದಾಗಿ ಹೊಳೆಯುತ್ತಿತ್ತು.

ಹಿಂದೆ ದೀಪ ಹಿಡಿದು ನಿಂತಿದ್ದ ಅಪ್ಪನಿಗೆ ಆ ಹೊಳಪು ಕಾಣದೆ ಇರಲಿಲ್ಲ.

"ಹೋಯ್ತಾ ಮೂಲೆ? ಸಂತೋಷ. ಇನ್ನೊಂದ್ಸಲ ಹೀಗೇ ಎಳಿ, ತಲೆ ಪೂರ್ತಿ ಗೋಲಿ ಥರ ಉರುಟಾಗುತ್ತೆ. ಆಮೇಲೆ ಅದನ್ನೇ ಇಟ್ಕೊಂಡು ಆಟ ಆಡು."

ಚೂಟಿ ಗೆಣ್ಣುಗಳನ್ನು ಬಾಯಿಗಿಟ್ಟುಕೊಂಡಳು. ಹೆಸರು ಚೂಟಿ ಎಂದಿದ್ದರೂ ಅಪ್ಪನ ಎದುರು ಅವಳ ನಾಲಿಗೆ ಅಷ್ಟೇನೂ ಚುರುಕಲ್ಲ. ಎಳೆಯ ವಯಸ್ಸಿನಲ್ಲಿ ಗ್ಯಾರೇಜಿನ ತುಂಬ ಓಡಾಡುತ್ತ ಕೇಳುವ ಮೊದಲೇ ಬೇಕಾದ ಉಪಕರಣ ತಂದುಕೊಡುತ್ತಿದ್ದಳು ಎಂದು ಅಪ್ಪನೇ ಇಟ್ಟ ಹೆಸರು ಅದು. ಈಗ ಕೆಲಸದ ಅರ್ಧಕ್ಕಿಂತ ಹೆಚ್ಚು ಅವಳದೇ.

ಜಾಕಿನ ಮೇಲೆ ಒಂದು ಭುಜ ಎತ್ತಿ ನಿಂತಿದ್ದದ್ದು ಆಸ್ಪತ್ರೆಯ ಆಂಬುಲೆನ್ಸ್. ಎಡಗಡೆಯ ಮುಂಚಕ್ರವನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಒಳಗಿನ ಬ್ರೇಕ್ ಡಿಸ್ಕು, ಅಂದರೆ ಬ್ರೇಕು ಒತ್ತಿದಾಗ ಪ್ಯಾಡುಗಳು ಕಚ್ಚಿ ಹಿಡಿಯುವ ಕಬ್ಬಿಣದ ತಟ್ಟೆ, ಕಲ್ಲುಚೂರು ಸಿಕ್ಕಿಕೊಂಡು ಆಳವಾಗಿ ಗೀರುಬಿದ್ದಿತ್ತು. ಹೊಸ ತಟ್ಟೆ ಬೆಂಚಿನ ಮೇಲೆ ಕಾಗದ ಸುತ್ತಿಕೊಂಡು ಸಿದ್ಧವಾಗಿ ಕೂತಿತ್ತು. ಹಳೆಯದು ಹೊರಬರಬೇಕಾದರೆ ಅದನ್ನು ತಬ್ಬಿಕೊಂಡಿರುವ ಬ್ರಾಕೆಟ್ ತೆಗೆಯಬೇಕು. ಬ್ರಾಕೆಟ್ ಬರಬೇಕಾದರೆ ಹಿಂದಿನ ಎರಡು ಬೋಲ್ಟು ಬಿಚ್ಚಬೇಕು. ಮೇಲಿನದು ಗೊಣಗಾಡಿಕೊಂಡು ಬಂದಿತ್ತು. ಕೆಳಗಿನದು ಪಟ್ಟು ಹಿಡಿದು ಕೂತಿತ್ತು.

ಆಂಬುಲೆನ್ಸಿನ ಡ್ರೈವರ್ ಗ್ಯಾರೇಜಿನ ಬಾಗಿಲಿಂದ ಬೀದಿಗೂ, ಬೀದಿಯಿಂದ ಬಾಗಿಲಿಗೂ ಅಲೆಯುತ್ತಿದ್ದ. ಆಸ್ಪತ್ರೆಯಲ್ಲಿ ಹೃದಯದ ಕವಾಟ ಕೆಟ್ಟ ಹೆಂಗಸೊಬ್ಬಳು ಮಲಗಿದ್ದಳು. ಬೆಟ್ಟದ ಆಚೆಯ ದೊಡ್ಡ ಆಸ್ಪತ್ರೆಯಲ್ಲಿ ಅವಳಿಗೆ ಕಡೆಗೂ ಹಾಸಿಗೆ ಸಿಕ್ಕಿತ್ತು. ಊಟದ ಹೊತ್ತು ಮುಗಿಯುವುದರೊಳಗೆ ಹೊರಡಬೇಕು. ಇನ್ನೊಂದು ಆಂಬುಲೆನ್ಸ್ ಬೆಳಿಗ್ಗೆಯೇ ಬೇರೆ ದಿಕ್ಕಿಗೆ ಹೋಗಿತ್ತು.

"ಆಗುತ್ತಲ್ವಾ ಮೇಸ್ತ್ರಿ?" ಎಂದು ಡ್ರೈವರ್ ಕೇಳಿದ. ಬೀದಿಯವರೆಲ್ಲ ಅಪ್ಪನನ್ನು ಕರೆಯುವುದು ಹಾಗೆಯೇ.

"ಅದನ್ನ ಅವಳನ್ನ ಕೇಳಪ್ಪ. ಹಿಂದಿನ ಸಲ ಇದನ್ನ ಬಿಗಿದೋಳು ಅವಳೇ." ಅಪ್ಪ ಮಗಳತ್ತ ತಿರುಗಿದ. "ಬೋಲ್ಟಿಗೂ ಒಂದು ಹದ ಇದೆ ಕಣೇ. ಕತ್ತು ಹಿಸುಕಿದ ಹಾಗೆ ಬಿಗಿದ್ರೆ ಅದು ಒಳಗೊಳಗೇ ಎಳೆದುಕೊಂಡು ಬಡಕಲಾಗುತ್ತೆ. ಹೊರಗಡೆಯಿಂದ ನೋಡೋಕೆ ಗಟ್ಟಿಮುಟ್ಟಾಗಿರುತ್ತೆ, ಯಾವತ್ತೋ ಒಂದಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಪಟ್ ಅನ್ನುತ್ತೆ. ಇಷ್ಟೂ ಗೊತ್ತಿಲ್ವಾ ನಿಂಗೆ?"

"ನಾನು ಹದವಾಗೇ ಬಿಗಿದಿದ್ದೆ ಅಪ್ಪಾ."

"ಹದವಾಗಿ! ಆ ಗಿಲಕಿ ಹಿಡ್ಕೊಂಡಾ?"

ಗಿಲಕಿ ಎಂದರೆ ಚೂಟಿಯ ಟಾರ್ಕ್ ಸ್ಪ್ಯಾನರ್. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ತಿರುವಿ ಇಟ್ಟರೆ, ಬೋಲ್ಟು ಆ ಹದಕ್ಕೆ ಬಂದ ಕೂಡಲೇ ಅದು ಟಕ್ ಎನ್ನುತ್ತದೆ. ಅಪ್ಪ ಅದನ್ನು ಒಂದು ದಿನವೂ ಮುಟ್ಟಿರಲಿಲ್ಲ. ಮಗು ಆಡಿಸುವ ಗಿಲಕಿ ಎಂದೇ ಕರೆಯುತ್ತಿದ್ದ. ಟಕ್ ಎಂದ ಮೇಲೆ ಅವಳು ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಉಗುರುಬಣ್ಣದಲ್ಲಿ ಒಂದು ಕೆಂಪು ಗೆರೆ ಎಳೆಯುತ್ತಿದ್ದಳು. ಬೋಲ್ಟು ಸಡಿಲವಾದರೆ ಗೆರೆ ಎರಡಾಗಿ ಒಡೆದು ಹೇಳಿಬಿಡುತ್ತದೆ. ಅದಕ್ಕೂ ಅಪ್ಪ ಬಿಡುತ್ತಿರಲಿಲ್ಲ. "ಬೋಲ್ಟಿಗೆ ಅಲಂಕಾರ ಆಯ್ತಾ? ಹಂಗಾದ್ರೆ ಇನ್ನು ನನ್ನ ಕಡೇ ಕೈ" ಎಂದು ತನ್ನ ಹಳೆಯ ಸ್ಪ್ಯಾನರ್ ಎತ್ತಿಕೊಳ್ಳುತ್ತಿದ್ದ.

ಕಡೇ ಕೈ ಆ ಗ್ಯಾರೇಜಿನ ಕಾನೂನು. ಯಾರೇ ಕೆಲಸ ಮಾಡಿರಲಿ, ಗಾಡಿ ಬಾಗಿಲು ದಾಟುವ ಮೊದಲು ಚಕ್ರದ, ಬ್ರೇಕಿನ ಪ್ರತಿಯೊಂದು ಬೋಲ್ಟಿಗೂ ಅಪ್ಪ ಸ್ಪ್ಯಾನರ್ ಇಟ್ಟು ಒಮ್ಮೆ ಸುಮ್ಮನೆ ತಡವುತ್ತಿದ್ದ. ಬಿಗಿಯುವುದಕ್ಕಲ್ಲ, ಬಿಗಿ ಇದೆಯೇ ಎಂದು ತಿಳಿಯುವುದಕ್ಕೆ. ಪ್ರಾಯದಲ್ಲಿ ಅವನು ಬೇರೆಯವರ ಬಳಿ ದುಡಿಯುತ್ತಿದ್ದಾಗ ಅಲ್ಲಿಂದ ಹೊರಟ ಬಸ್ಸೊಂದರ ಚಕ್ರ ರಸ್ತೆಯಲ್ಲಿ ಕಳಚಿ ಓಡಿತ್ತಂತೆ. ಬಸ್ಸಿಗಿಂತ ಮುಂದೆ ಹೋದ ಆ ಚಕ್ರವನ್ನು ಅವನು ಕಣ್ಣಾರೆ ನೋಡಿದ್ದ. ಆವತ್ತಿನಿಂದ ಅವನಿಗೆ ಯಾರ ಕೈಯ ಮೇಲೂ ನಂಬಿಕೆಯಿಲ್ಲ, ತನ್ನದನ್ನು ಬಿಟ್ಟು. "ಕೈಗೆ ಗೊತ್ತಾಗುತ್ತೆ" ಎನ್ನುವುದು ಅವನ ಮಾತು. ಅಷ್ಟು ವರ್ಷ ಅದು ಸುಳ್ಳಾಗಿರಲಿಲ್ಲ. ಮೇಸ್ತ್ರಿಯ ಕಡೇ ಕೈ ಬಿದ್ದ ಗಾಡಿ ಎಂದರೆ ಹೆಂಡತಿ ಮಕ್ಕಳನ್ನು ಧೈರ್ಯವಾಗಿ ಕೂರಿಸಬಹುದು ಎಂದು ಜನ ಹೇಳುತ್ತಿದ್ದರು.

"ಪೈಪ್ ತಗೊಂಡ್ ಬಾ," ಎಂದ ಅಪ್ಪ. "ಸ್ಪ್ಯಾನರಿಗೆ ಸಿಕ್ಸಿ ಒಂದೇ ಸಲ ಕಿತ್ತುಬಿಡ್ತೀನಿ."

"ಬೇಡ ಅಪ್ಪಾ. ಮೂಲೆ ಆಗ್ಲೇ ಹೋಗಿದೆ. ಇನ್ನೊಂದ್ಸಲ ಜಾರಿದ್ರೆ ಹಿಡಿಯೋಕೆ ಏನೂ ಉಳಿಯಲ್ಲ. ಕೊರೆದು ತೆಗೀಬೇಕಾಗುತ್ತೆ, ಗಾಡಿ ನಾಳೆವರೆಗೆ ಇಲ್ಲೇ. ಸ್ವಲ್ಪ ಹೊತ್ತು ಕೊಡು, ನಾನೇ ತೆಗೀತೀನಿ."

ಅಪ್ಪ ಅವಳನ್ನೇ ನೋಡಿದ. ಡ್ರೈವರನ ಎದುರೇ, ಅವನಿಗೂ ಕೇಳಿಸುವ ಹಾಗೆ ಹೇಳಿದ: "ತೆಗಿ. ಆದ್ರೆ ಒಂದು ಮಾತು. ಇವತ್ತು ಇದರ ತಲೆ ಹೋಯ್ತೋ, ನಾಳೆಯಿಂದ ನೀನು ಬ್ರೇಕಿಗೂ ಚಕ್ರಕ್ಕೂ ಕೈ ಹಾಕೋ ಹಾಗಿಲ್ಲ. ಟೈರಿಗೆ ಗಾಳಿ ತುಂಬ್ಕೊಂಡು ಇರು. ಇನ್ನೊಬ್ಬರ ಜೀವದ ಜೊತೆ ಆಟ ಆಡೋಕೆ ನಾನು ಬಿಡಲ್ಲ."

ಚೂಟಿಗೆ ಕಪಾಳಕ್ಕೆ ಹೊಡೆಸಿಕೊಂಡ ಹಾಗಾಯಿತು. ಅಪ್ಪ ಬೈಗುಳಕ್ಕೆ ಹೆಸರಾದವನು, ಆದರೆ ಆಡಿದ ಮಾತು ಹಿಂದೆ ತೆಗೆದುಕೊಂಡವನಲ್ಲ. ಅವಳು ತಂತಿಯ ಬ್ರಷ್ ತೆಗೆದುಕೊಂಡು ಗಾಡಿಯ ಪಕ್ಕ ಒರಗಿ ಮಲಗಿದಳು.

ಮೊದಲು ಕೊಳೆ ಹೋಗಬೇಕು. ಬೋಲ್ಟಿನ ತಲೆಯ ಸುತ್ತ ಎಣ್ಣೆ ಮಣ್ಣು ಸೇರಿ ಹಪ್ಪಳದಂತೆ ಗಟ್ಟಿಯಾಗಿತ್ತು. ಅದಿದ್ದರೆ ತಲೆಗೆ ಟೊಪ್ಪಿಯಂತೆ ಹಾಕಿ ತಿರುಗಿಸುವ ಸಾಕೆಟ್ ಒಳಗಿನವರೆಗೆ ಕೂರುವುದಿಲ್ಲ, ಅರೆಬರೆ ಕೂತರೆ ಜಾರುತ್ತದೆ. ಮೊದಲೇ ಇದನ್ನು ಮಾಡಬೇಕಿತ್ತು. ಅಪ್ಪ ಹಿಂದೆ ನಿಂತು "ಎಳಿ, ಎಳಿ" ಎಂದ ಅವಸರಕ್ಕೆ ಅವಳೂ ಎಳೆದಿದ್ದಳು. ಈಗ ತಾಳ್ಮೆಯಿಂದ ಉಜ್ಜಿದಳು. ಬಟ್ಟೆಗೆ ಸೀಮೆಎಣ್ಣೆ ಹಚ್ಚಿ ಒರೆಸಿದಳು. ಬೋಲ್ಟಿನ ಅಡಿಯಲ್ಲಿ ತುಕ್ಕಿನ ಸುಳಿವೂ ಇರಲಿಲ್ಲ. ಕಬ್ಬಿಣ ಸ್ವಚ್ಛವಾಗಿತ್ತು.

ಆಮೇಲೆ ಕೆಂಪು ಕಂಡಿತು.

ಅವಳದೇ ಗೆರೆ. ಬ್ರಾಕೆಟ್ಟಿನ ಮೇಲೆ ಅರ್ಧ, ಬೋಲ್ಟಿನ ತಲೆಯ ಮೇಲೆ ಅರ್ಧ. ಆದರೆ ಎರಡೂ ಒಂದಕ್ಕೊಂದು ಎದುರಾಗಿರಲಿಲ್ಲ. ಚೂಟಿ ದೀಪವನ್ನು ಹತ್ತಿರ ಎಳೆದುಕೊಂಡು ಮತ್ತೆ ನೋಡಿದಳು. ಸಡಿಲವಾಗಿದ್ದರೆ ತಲೆಯ ಮೇಲಿನ ಗೆರೆ ಬಿಚ್ಚುವ ಕಡೆಗೆ ಸರಿದಿರಬೇಕು. ಇದು ಬಿಗಿಯುವ ಕಡೆಗೆ ಸರಿದಿತ್ತು. ಸ್ವಲ್ಪವಲ್ಲ, ಹತ್ತಿರ ಹತ್ತಿರ ಅರ್ಧ ಸುತ್ತು.

ಟಕ್ ಎಂದ ಮೇಲೆ, ಗೆರೆ ಒಣಗಿದ ಮೇಲೆ, ಯಾರೋ ಇದನ್ನು ಇನ್ನೂ ಅರ್ಧ ಸುತ್ತು ತಿರುಗಿಸಿದ್ದರು. ಅವಳ ನಂತರ ಬೋಲ್ಟು ಮುಟ್ಟುವವರು ಈ ಗ್ಯಾರೇಜಿನಲ್ಲಿ ಇನ್ನೊಬ್ಬರೇ.

'ನಾನಲ್ಲ' ಎಂದು ಕೂಗುವಷ್ಟು ಸಂತೋಷ ಒಂದು ಗಳಿಗೆ ಬಂದದ್ದು ನಿಜ. ಮರುಗಳಿಗೆಗೆ ಆ ಸಂತೋಷ ಇಂಗಿಹೋಯಿತು. ತಡವಿ ನೋಡಬೇಕಾದವನು ಅರ್ಧ ಸುತ್ತು ತಿರುಗಿಸುವುದೆಂದರೇನು? ಬಿಗಿ ಕೈಗೆ ಗೊತ್ತಾಗದೆ ಹೋದರೆ ತಾನೇ ಹಾಗೆ ತಿರುಗಿಸುತ್ತ ಹೋಗುವುದು?

"ಏನೇ ಅದು, ಅಷ್ಟು ಹೊತ್ತು ನೋಡ್ತಿದ್ದೀಯ?" ಅಪ್ಪ ಬಗ್ಗಿದ.

ಚೂಟಿ ಹೆಬ್ಬೆರಳನ್ನು ಗೆರೆಯ ಮೇಲಿಟ್ಟಳು. "ಏನಿಲ್ಲ. ಕೊಳೆ."

ಗ್ಯಾರೇಜಿನ ಮೇಲೆಯೇ ಮನೆ. ಅಮ್ಮ ಮೆಟ್ಟಿಲಿಳಿದು ತಟ್ಟೆಯಲ್ಲಿ ಚಹಾ ತಂದಳು. ಡ್ರೈವರನಿಗೊಂದು, ಮಗಳಿಗೊಂದು ಸ್ಟೀಲ್ ಲೋಟ ಹಾಗೆಯೇ ಕೊಟ್ಟಳು. ಅಪ್ಪನ ಲೋಟಕ್ಕೆ ಮಾತ್ರ ಸುತ್ತಲೂ ಬಟ್ಟೆ ಕಟ್ಟಿತ್ತು. ಕೆಲವು ತಿಂಗಳಿಂದ ಹೀಗೆಯೇ. 'ಮೇಸ್ತ್ರಿಗೆ ಮಾತ್ರ ರಾಜೋಪಚಾರ' ಎಂದು ಚೂಟಿ ಎಷ್ಟೋ ಸಲ ಚುಡಾಯಿಸಿದ್ದಳು. ಇವತ್ತು ಆ ಬಟ್ಟೆಯನ್ನು ನೋಡಿ ಅವಳಿಗೆ ನಗು ಬರಲಿಲ್ಲ. ಅಪ್ಪನ ಅಂಗಿಗೆ ಈಗೀಗ ಗುಂಡಿ ಹಾಕುವವಳು ಅಮ್ಮನೇ. ಸಣ್ಣ ವಾಷರುಗಳನ್ನು "ಎತ್ತಿಕೊಡೇ, ಬೆನ್ನು ಬಗ್ಗಲ್ಲ" ಎಂದು ಅವನು ಮಗಳಿಗೆ ಹೇಳುತ್ತಾನೆ. ಅದೇ ಬೆನ್ನು ಆಂಬುಲೆನ್ಸಿನ ಅಡಿಗೆ ಸಲೀಸಾಗಿ ಬಗ್ಗುತ್ತದೆ. ಸಕ್ಕರೆ ಕಾಯಿಲೆಗೆ ಅವನು ಮಾತ್ರೆ ನುಂಗಲು ಶುರುಮಾಡಿ ಎಷ್ಟೋ ಕಾಲವಾಗಿದೆ, ಅದನ್ನು ಯಾರೂ ದೊಡ್ಡದು ಮಾಡಿರಲಿಲ್ಲ.

ಅವಳು ಅಮ್ಮನ ಮುಖ ನೋಡಿದಳು. ಅಮ್ಮ ಕಣ್ಣು ತಪ್ಪಿಸಿ ಖಾಲಿ ತಟ್ಟೆಯನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿಹೋದಳು.

ಡ್ರೈವರನ ಫೋನು ಬಡಿದುಕೊಂಡಿತು. "ಹಾಂ ಡಾಕ್ಟ್ರೇ... ಬಿಚ್ಚಿದ್ದಾರೆ ಡಾಕ್ಟ್ರೇ, ಇನ್ನೇನು ಆಗೋಯ್ತು..." ಎನ್ನುತ್ತ ಅವನು ಬೀದಿಗೆ ಹೋದ. ತಿರುಗಿ ಬಂದಾಗ ಮುಖ ಬಿಳಿಚಿತ್ತು. "ಕಾಗದಪತ್ರ ಎಲ್ಲ ಆಗ್ತಿದೆಯಂತೆ. ಒಂದು ಗಂಟೆ ಹೊತ್ತಿಗೆ ಕೆಳಗೆ ಕರ್ಕೊಂಡು ಬರ್ತಾರಂತೆ. ತಂಗೀ, ಏನಾದ್ರೂ ಮಾಡಮ್ಮ."

ಚೂಟಿ ಆರು ಮೂಲೆಯ ಸಾಕೆಟ್ ಹುಡುಕಿದಳು. ಹನ್ನೆರಡು ಹಲ್ಲಿನದು ಬೇಗ ಕೂರುತ್ತದೆ, ಆದರೆ ಮೂಲೆಗಳನ್ನೇ ಹಿಡಿದು ಜಗ್ಗುತ್ತದೆ. ಆರರದ್ದಾದರೆ ಬೋಲ್ಟಿನ ಚಪ್ಪಟೆ ಬದಿಗಳನ್ನು ಇಡಿಯಾಗಿ ಅಪ್ಪಿಕೊಳ್ಳುತ್ತದೆ. ಅದನ್ನು ತಲೆಯ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಹೊಡೆದು ಕೊನೆಯವರೆಗೂ ಕೂರಿಸಿದಳು. ಸವೆದ ಮೂಲೆಯ ಕಡೆ ಕೊಂಚ ಅಲುಗಾಟವಿತ್ತು. ಉಳಿದ ಐದು ಮೂಲೆಗಳನ್ನು ನಂಬಬೇಕು, ಬೇರೆ ದಾರಿಯಿಲ್ಲ.

"ಮೊದ್ಲು ಒಂದು ಕೂದಲೆಳೆ ಬಿಗಿ," ಎಂದ ಅಪ್ಪ. "ಬಿಗಿದ್ರೆ ಕಚ್ಚಿದ್ದು ಬಿಡುತ್ತೆ. ಆಮೇಲೆ ಬಿಚ್ಚು."

ತುಕ್ಕು ಹಿಡಿದ ಬೋಲ್ಟಿಗೆ ಅದು ಒಳ್ಳೆಯ ಮದ್ದು. ಚೂಟಿಗೆ ಅದನ್ನು ಹೇಳಿಕೊಟ್ಟವನೇ ಅವನು. ಆದರೆ ಇದು ತುಕ್ಕಲ್ಲ. ಆಗಲೇ ಅರ್ಧ ಸುತ್ತು ಹೆಚ್ಚು ತಿರುಗಿ ಎಳೆದುಕೊಂಡಿರುವ ಬೋಲ್ಟು ಇದು. ಇನ್ನೊಂದು ಕೂದಲೆಳೆ ಬಿಗಿದರೆ ತಲೆ ಕೈಗೆ ಬಂದು ಕಾಂಡ ಒಳಗೇ ಉಳಿದೀತು.

"ಬೇಡ."

"ಏನಂದೆ?"

"ಬಿಗಿಯೋದು ಬೇಡ ಅಪ್ಪಾ. ಕಾಯಿಸ್ತೀನಿ."

"ನಾನು ಹೇಳ್ತಿದ್ದೀನಿ, ಬಿಗಿ."

"ಬೇಡ ಅಂದ್ನಲ್ಲ!"

ಡ್ರೈವರ್ ಚಾವಣಿ ನೋಡತೊಡಗಿದ. ಅಪ್ಪನ ಮೂಗಿನ ತುದಿ ಕೆಂಪಾಯಿತು. ಅವನು ದೀಪವನ್ನು ಬೆಂಚಿನ ಮೇಲೆ ಕುಕ್ಕಿದ. "ಸರಿ. ಮೇಸ್ತ್ರಿ ನೀನೇ ಆದೆ ಅನ್ನು. ನನ್ನ ಮಾತಿಗೆ ಸೊಪ್ಪು ಹಾಕೋರು ಇನ್ಯಾರಿದ್ದಾರೆ ಇಲ್ಲಿ. ಯಾಕೆ ಬೇಡ ಅಂತಾದ್ರೂ ಹೇಳ್ತೀಯಾ?"

ಹೇಳಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು. ಆದರೆ ಹೊರಗಿನವನೊಬ್ಬ ನಿಂತಿದ್ದಾನೆ, ಅಪ್ಪನ ಕೈಯನ್ನು ಕಣ್ಣುಮುಚ್ಚಿ ನಂಬಿದವನು. ಅವನ ಎದುರು 'ನಿನ್ನ ಕೈಗೆ ಈಗ ಏನೂ ಗೊತ್ತಾಗಲ್ಲ ಅಪ್ಪಾ' ಎನ್ನುವುದು ಅವಳಿಂದಾಗಲಿಲ್ಲ. ಅದನ್ನು ಹೇಳುವುದಕ್ಕಿಂತ ಟೈರಿಗೆ ಗಾಳಿ ತುಂಬಿಕೊಂಡಿರುವುದೇ ಸುಲಭ ಎನ್ನಿಸಿತು. ಹಾಗೆ ಸುಮ್ಮನಿದ್ದರೆ ನಾಳೆ ಇನ್ನೊಂದು ಗಾಡಿ ಅರ್ಧ ಸುತ್ತು ಹೆಚ್ಚು ಬಿಗಿಸಿಕೊಂಡು ಬಾಗಿಲು ದಾಟುತ್ತದೆ ಎನ್ನುವುದೂ ಅವಳಿಗೆ ಗೊತ್ತಿತ್ತು.

"ಆಮೇಲೆ ಹೇಳ್ತೀನಿ," ಎಂದಳು.

ಬ್ರೇಕಿನ ರಬ್ಬರ್ ಕೊಳವೆಯನ್ನು ತಂತಿಯಿಂದ ದೂರಕ್ಕೆ ಎತ್ತಿ ಕಟ್ಟಿ, ಒದ್ದೆ ಗೋಣಿಚೀಲ ಹೊದಿಸಿದಳು. ಒಂದು ಬಕೆಟ್ ನೀರು ಹತ್ತಿರ ಇಟ್ಟುಕೊಂಡಳು. ಗ್ಯಾಸ್ ಟಾರ್ಚು ಹಚ್ಚಿ, ನೀಲಿ ಜ್ವಾಲೆಯನ್ನು ಬೋಲ್ಟು ಹೊಕ್ಕಿರುವ ಕಬ್ಬಿಣದ ಕಿವಿಯ ಸುತ್ತ ಆಡಿಸಿದಳು. ಹೊರಗಿನ ಕಬ್ಬಿಣ ಕಾದು ಹಿಗ್ಗಿದರೆ ಒಳಗಿನ ಬೋಲ್ಟಿಗೆ ಉಸಿರಾಡಲು ಜಾಗ ಸಿಗುತ್ತದೆ. ಕೆಂಪು ಗೆರೆ ಮೊದಲು ಕಂದಿ, ಉಬ್ಬಿ, ಕಪ್ಪಾಗಿ ಉದುರಿತು. ಸಾಕ್ಷಿ ಕಣ್ಣೆದುರೇ ಸುಟ್ಟುಹೋಯಿತು. ಅವಳಿಗೆ ಅದರಿಂದ ಸಮಾಧಾನವಾಯಿತೋ ಭಯವಾಯಿತೋ ಹೇಳುವುದು ಕಷ್ಟ.

"ನಾನು ಎಳೀತೀನಿ, ಆಚೆ ಸರಿ," ಎಂದ ಅಪ್ಪ ಸಾಕೆಟ್ ತಿರುಗಿಸುವ ಉದ್ದನೆಯ ಬಾರ್ ಹಿಡಿದು. ಕೋಪ ಎಷ್ಟೇ ಇರಲಿ, ಕೆಲಸದ ಹೊತ್ತಿಗೆ ಅವನು ದೂರ ನಿಲ್ಲುವವನಲ್ಲ.

"ಎಳೆಯೋದು ನಾನೇ."

"ಹಂಗಾದ್ರೆ ಸಾಕೆಟ್ ಒತ್ತಿ ಹಿಡೀತೀನಿ."

ಸಾಕೆಟ್ ಬೋಲ್ಟಿಗೆ ನೇರವಾಗಿ ಒತ್ತಿಕೊಂಡಿರಬೇಕು. ಎಳೆಯುವಾಗ ಅದು ಒಂದು ಎಳೆ ವಾಲಿದರೂ ಹಿಡಿದ ಕೈಗೆ ತಕ್ಷಣ ತಿಳಿಯಬೇಕು. ಚೂಟಿ ಅಪ್ಪನ ಮುಖ ನೋಡದೆ, "ಅಣ್ಣಾ, ನೀವು ಬನ್ನಿ. ಆ ಗ್ಲೌಸ್ ಹಾಕ್ಕೊಂಡು ಇಲ್ಲಿ ಒತ್ತಿ ಹಿಡೀರಿ" ಎಂದು ಡ್ರೈವರನನ್ನು ಕರೆದಳು.

ಡ್ರೈವರ್ ಒಮ್ಮೆ ಮೇಸ್ತ್ರಿಯನ್ನೂ ಒಮ್ಮೆ ಅವಳನ್ನೂ ನೋಡಿ, ಬೇರೆ ದಾರಿಯಿಲ್ಲದೆ ಮಂಡಿಯೂರಿದ. ಅಪ್ಪ ಬಾರನ್ನು ಅವಳ ಕೈಗೆ ಕೊಟ್ಟು ಹಿಂದೆ ಸರಿದು ನಿಂತ. ಈ ಸಲ ಬೈಯಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಅವಳು ಬಾರಿಗೆ ಪೈಪ್ ಸಿಕ್ಕಿಸಿದಳು. ಕುಲುಕಲಿಲ್ಲ, ಜಗ್ಗಲಿಲ್ಲ. ಮೈಯ ಭಾರವನ್ನು ನಿಧಾನವಾಗಿ ಅದರ ಮೇಲೆ ಬಿಡುತ್ತ ಹೋದಳು. ಪೈಪ್ ಬಾಗಿತು. ಬೆವರು ಕಣ್ಣಿಗಿಳಿಯಿತು. ಬೋಲ್ಟು ಕ್ಯಾರೆ ಎನ್ನಲಿಲ್ಲ. ಇನ್ನೂ ಸ್ವಲ್ಪ ಭಾರ ಬಿಟ್ಟಳು. ಸವೆದ ಮೂಲೆಯ ಕಡೆ ಸಾಕೆಟ್ ಕಿರ್ ಎಂದಿತು. "ಒತ್ತಿ ಅಣ್ಣಾ, ಒತ್ತಿ!" ಎಂದಳು, ಹಲ್ಲು ಕಚ್ಚಿ.

ಆಗ ಏನೋ ಸರಿಯಿತು.

ಅವಳ ಜೀವ ಬಾಯಿಗೆ ಬಂತು. ಬೋಲ್ಟು ಮುರಿಯುವಾಗಲೂ ಹೀಗೆಯೇ ಸರಿಯುತ್ತದೆ. ಆದರೆ ಮುರಿಯುವ ಬೋಲ್ಟು ನಾದಿದ ಹಿಟ್ಟಿನಂತೆ ಮೆತ್ತಗಾಗುತ್ತದೆ, ತಡೆಯೇ ಇಲ್ಲದೆ ಬರುತ್ತದೆ. ಬಿಚ್ಚುವ ಬೋಲ್ಟು ಒಮ್ಮೆ ಕಿರುಚಿ, ನಿಂತು, ಮತ್ತೆ ತಡೆಯುತ್ತದೆ. ಅವಳು ಕಣ್ಣುಮುಚ್ಚಿ ಅಂಗೈಯಲ್ಲೇ ಕಾದಳು. ಕ್ರೀಚ್! ಮೈ ಜುಮ್ಮೆನ್ನುವ ಸದ್ದು. ಆಮೇಲೆ ತಡೆ. ಒಳ್ಳೆಯ, ಗಟ್ಟಿಯಾದ ತಡೆ.

"ಬಂತು," ಎಂದಳು. "ಬಂತು ಅಪ್ಪಾ!"

ಒಂದಿಷ್ಟು ಬಿಚ್ಚಿ, ಒಂದಿಷ್ಟು ಹಿಂದಕ್ಕೆ ತಿರುಗಿಸಿ, ಎಣ್ಣೆ ಬಿಟ್ಟು, ಮತ್ತೆ ಬಿಚ್ಚಿ, ಹಾಗೆ ಓಲೈಸಿಕೊಂಡು ಹೊರಗೆ ತಂದಳು. ಕಡೆಯ ಸುತ್ತು ಮುಗಿದು ಸಾಕೆಟ್ ಓರೆಯಾದಾಗ ಬೋಲ್ಟು ಟಣ್ ಎಂದು ನೆಲಕ್ಕೆ ಬಿದ್ದು ಉರುಳಿಹೋಯಿತು. ಡ್ರೈವರ್ ಗ್ಲೌಸ್ ಹಾಕಿದ ಕೈಗಳನ್ನೇ ಮುಗಿದು ನಕ್ಕ. ಚೂಟಿ ನೆಲಕ್ಕೆ ಬೆನ್ನು ಹಚ್ಚಿ ಮಲಗಿ, ತೋಳಿನಿಂದ ಮುಖ ಮುಚ್ಚಿಕೊಂಡು ಏದುಸಿರು ಬಿಟ್ಟಳು. ತಲೆ ಉಳಿಯಿತು. ಅವಳ ಕೆಲಸವೂ ಉಳಿಯಿತು.

ತಲೆಯ ಮೇಲೆ ಅಪ್ಪನ ಮಾತು ಶುರುವಾಯಿತು. "ನೋಡಿಲ್ಲಿ. ನೋಡು, ಕಾಂಡ ಹೇಗೆ ಎಳೆದು ಸೊಂಟ ಸಣ್ಣಗಾಗಿದೆ. ತಿರುಪಿನ ಎಳೆಗಳೆಲ್ಲ ದೂರ ದೂರ ಆಗಿವೆ. ಇದನ್ನ ಬಿಗಿದ ಕೈಗೆ ಹದ ಅನ್ನೋದೇ ಗೊತ್ತಿಲ್ಲ. ಇನ್ನೊಂದು ತಿಂಗಳು ಓಡಿದ್ರೆ..."

ಚೂಟಿಗೆ ಸುಟ್ಟ ವಾಸನೆ ಬಂತು. ರಬ್ಬರ್ ಕೊಳವೆಗೆ ಬೆಂಕಿ ತಗುಲಿತು ಎಂದು ದಡಬಡಿಸಿ ಎದ್ದು ಗೋಣಿ ಎತ್ತಿ ನೋಡಿದಳು. ಕೊಳವೆ ತಣ್ಣಗಿತ್ತು. ಟಾರ್ಚು ಆರಿತ್ತು. ಅವಳು ತಿರುಗಿದಳು.

ಅಪ್ಪ ಬೋಲ್ಟನ್ನು ಹೆಬ್ಬೆರಳು ಮತ್ತು ಎರಡು ಬೆರಳುಗಳ ನಡುವೆ ಹಿಡಿದು, ದೀಪದ ಬೆಳಕಿಗೆ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದ. ಬರಿಗೈಯಲ್ಲಿ. ಅವನ ಬೆರಳುಗಳಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಅವನು ಬೈಯುತ್ತಲೇ ಇದ್ದ.

"ಅಪ್ಪಾ, ಬಿಡು! ಬಿಡದನ್ನ!"

ಹಾರಿ ಹೋಗಿ ಅವನ ಮಣಿಕಟ್ಟಿಗೆ ಹೊಡೆದಳು. ಬೋಲ್ಟು ಬೀಳಲಿಲ್ಲ, ಚರ್ಮಕ್ಕೆ ಅಂಟಿಕೊಂಡಿತ್ತು. ಇನ್ನೊಮ್ಮೆ ಹೊಡೆದಾಗ ಬಿದ್ದು ಬಕೆಟ್ಟಿನ ಪಕ್ಕದ ತೇವದಲ್ಲಿ ಚುಂಯ್ ಎಂದಿತು. ಅವಳು ಅವನ ಕೈಯನ್ನು ಹಿಡಿದು ಬಕೆಟ್ಟಿನ ನೀರಿಗೆ ಅದ್ದಿದಳು. ಅಪ್ಪ ತಡೆಯಲಿಲ್ಲ. ನೀರಿನೊಳಗಿನ ತನ್ನ ಬೆರಳುಗಳನ್ನು, ಬೇರೆ ಯಾರದೋ ವಸ್ತುವನ್ನು ನೋಡುವವನಂತೆ ನೋಡುತ್ತ ಕುಕ್ಕರುಗಾಲಲ್ಲಿ ಕೂತ.

"ನೋಯಲ್ವಾ ಮೇಸ್ತ್ರಿ?" ಎಂದು ಡ್ರೈವರ್ ಪಿಸುಗುಟ್ಟಿದ.

ಸದ್ದು ಕೇಳಿ ಇಳಿದು ಬಂದ ಅಮ್ಮ ಮೆಟ್ಟಿಲ ಬುಡದಲ್ಲೇ ನಿಂತಳು. "ಹೇಳ್ದೆ ನಾನು," ಎಂದಳು, ಅಳು ಬಾಯಿಗೆ ಬಂದು. "ಬೆರಳು ಜೋಮು ಹಿಡಿದಿದೆ, ಡಾಕ್ಟ್ರಿಗೆ ತೋರಿಸಿ, ಚೂಟಿಗಾದ್ರೂ ಹೇಳಿ ಅಂತ ಎಷ್ಟು ಸಲ ಹೇಳ್ದೆ. ಬಾಯಿಬಿಟ್ರೆ ನನ್ನಾಣೆ ಅಂದ್ರಿ."

"ಚೂಟಿ," ಎಂದ ಅಪ್ಪ. ಸ್ವರ ತೀರ ಇಳಿದಿತ್ತು. "ನಿನ್ನ ಗೆರೆ ನೋಡಿದ್ಯಾ?"

"ಹೂಂ."

"ಎಷ್ಟು?"

"ಅರ್ಧ ಸುತ್ತು, ಅಪ್ಪಾ."

"ಆಗ ಹೆಬ್ಬೆಟ್ಟಲ್ಲಿ ಮುಚ್ಚಿದ್ದು ಅದನ್ನೇನಾ?"

ಅವಳಿಗೆ ದುಃಖ ಉಕ್ಕಿ ಬಂತು. ತಲೆಯಾಡಿಸಿದಳು. "ಕೈಗೆ ಏನೂ ಸಿಗ್ತಿರ್ಲಿಲ್ಲ ಕಣೇ," ಎಂದ ಅಪ್ಪ. "ಸಡಿಲ ಇದೆಯೇನೋ ಅಂತ ಭಯ. ಚಕ್ರ ಕಳಚಿ ಓಡಿದ್ದು ಕಣ್ಣಿಗೆ ಕಟ್ಟುತ್ತೆ. ಇನ್ನೊಂಚೂರು ಇರ್ಲಿ, ಇನ್ನೊಂಚೂರು ಇರ್ಲಿ ಅಂತ..."

ಡ್ರೈವರನ ಫೋನು ಮತ್ತೆ ಬಡಿದುಕೊಂಡಾಗ ಎಲ್ಲರೂ ಬೆಚ್ಚಿದರು. ಅಪ್ಪ ಎದ್ದು ನಿಂತ. "ಬಲಗಡೆ ಚಕ್ರವೂ ಬಿಚ್ಚು," ಎಂದ ಮಗಳಿಗೆ. "ಅಲ್ಲೂ ಇದೇ ಕೈ ಬಿದ್ದಿದೆ. ನಾಲ್ಕೂ ಹೊಸ ಬೋಲ್ಟ್ ಹಾಕು. ಮೇಲಿನ ಡಬ್ಬದಲ್ಲಿದೆ."

ಬಲಗಡೆಯವೂ ಸುಲಭಕ್ಕೆ ಬರಲಿಲ್ಲ, ಆದರೆ ಮೂಲೆಗಳು ಗಟ್ಟಿಯಾಗಿದ್ದುದರಿಂದ ಬಿಸಿಗೆ ಮಣಿದವು. ಹೊಸ ಡಿಸ್ಕು ಕೂತಿತು, ಬ್ರಾಕೆಟ್ ಕೂತಿತು. ಹೊಸ ಬೋಲ್ಟುಗಳನ್ನು ಕೈಯಿಂದ ತಿರುಗಿಸಿ ಚೂಟಿ ಅಭ್ಯಾಸಬಲದಿಂದ ಪಕ್ಕಕ್ಕೆ ಸರಿದಳು. ಅಪ್ಪನ ಬೆರಳುಗಳಿಗೆ ಅಮ್ಮ ಬಿಳಿ ಬಟ್ಟೆ ಸುತ್ತಿದ್ದಳು. ಅವನು ಹಳೆಯ ಸ್ಪ್ಯಾನರಿನತ್ತ ನೋಡಿದ. ಅದನ್ನು ಎತ್ತಿಕೊಳ್ಳಲಿಲ್ಲ.

"ಗಿಲಕಿ ತಗೊಂಡ್ ಬಾ," ಎಂದ. "ಕಡೇ ಕೈ ನಿಂದೇ."

ಅವಳು ಬಿಗಿದಳು. ಒಂದೊಂದು ಟಕ್ ಎಂದಾಗಲೂ ಅಪ್ಪ ಕಿವಿಗೊಟ್ಟು ಕೇಳಿ, "ಹಾಂ" ಎಂದ. ಕೆಂಪು ಗೆರೆ ಎಳೆಯುವಾಗ ದೀಪ ಹಿಡಿದ. ಆಂಬುಲೆನ್ಸ್ ಬಾಗಿಲು ದಾಟಿ, ಬೀದಿಯ ತುದಿಯಲ್ಲಿ ಬ್ರೇಕು ಹಾಕಿ ನೋಡಿ, ಸದ್ದಿಲ್ಲದೆ ನಿಂತು, ತಿರುವಿನಲ್ಲಿ ಮರೆಯಾಯಿತು. ಹೊರಡುವ ಮುಂಚೆ ಡ್ರೈವರ್ ಬಂದು ಮೇಸ್ತ್ರಿಯ ಭುಜ ಮುಟ್ಟಿ ಹೋಗಿದ್ದ.

ಚೂಟಿ ಉಪಕರಣ ಒರೆಸತೊಡಗಿದಳು. ಇನ್ನು ಅಪ್ಪ ಮೇಲೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗುತ್ತಾನೆ ಎಂದುಕೊಂಡಿದ್ದಳು. ಅವನು ಬೆಂಚಿನ ಮೇಲೆ ಕೂತು, "ನನ್ನ ಫೋನ್ ತಗೊಂಡು ಇಲ್ಲಿ ಬಾ" ಎಂದ. "ಬೆರಳು ಒತ್ತಿದ್ರೆ ಆ ಗಾಜಿಗೆ ಗೊತ್ತಾಗಲ್ಲ, ನೀನೇ ಒತ್ತು. ಮೊದ್ಲು ಸ್ಕೂಲ್ ವ್ಯಾನಿನವನು. ಆಮೇಲೆ ಹಾಲಿನ ಗಾಡಿ. ಆಮೇಲೆ ಆ ತಿಮಿಂಗಿಲದಂಥ ಟ್ಯಾಂಕರಿನವನು. ಈಚೆಗೆ ನಾನು ಕಡೇ ಕೈ ಇಟ್ಟಿದ್ದೆಲ್ಲಾ ನೆನಪಿದೆ. ಒಂದೊಂದಾಗಿ ಹೇಳ್ತೀನಿ."

"ನಾನೇ ಮಾತಾಡ್ತೀನಿ ಅಪ್ಪಾ. ಸುಮ್ನೆ ಚೆಕ್ ಮಾಡೋಕೆ ಬನ್ನಿ ಅಂತ ಹೇಳಿದ್ರೆ ಆಯ್ತು."

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳಿದ್ರೆ ಯಾರು ಬರ್ತಾರೆ? ನಾಳೆ, ನಾಡಿದ್ದು ಅಂತಾರೆ. ಒತ್ತು."

ಅವಳು ಒತ್ತಿ ಫೋನನ್ನು ಅವನ ಕಿವಿಗೆ ಹಿಡಿದಳು. ಆ ಕಡೆ ಬಹಳ ಹೊತ್ತು ಬಡಿದುಕೊಂಡಿತು.

"ಏನಯ್ಯಾ, ಫೋನ್ ಎತ್ತೋಕೆ ಇಷ್ಟು ಹೊತ್ತಾ?" ಎಂದು ಅಪ್ಪ ಎಂದಿನಂತೆ ಗದರಿದ. "ಮಕ್ಕಳನ್ನ ಹತ್ತಿಸ್ಕೊಂಡಿಲ್ಲ ತಾನೆ? ಒಳ್ಳೇದಾಯ್ತು. ಖಾಲಿ ಗಾಡಿ ನಿಧಾನಕ್ಕೆ ಓಡಿಸ್ಕೊಂಡು ಇಲ್ಲಿಗೆ ಬಾ. ಈಗ್ಲೇ." ಚೂಟಿ ಬೇರೆ ಕಡೆ ನೋಡಿದಳು. "ಯಾಕೆ ಅಂದ್ರೆ, ಬೋಲ್ಟ್ ಬಿಗಿದಿದ್ದು ನಾನು. ನನ್ನ ಕೈ ತಪ್ಪಿದೆಯಪ್ಪ. ಹೌದು, ನನ್ನದೇ. ಮಗಳು ಸರಿಮಾಡಿ ಕೊಡ್ತಾಳೆ."

ಫೋನು ಇಟ್ಟಾಗ ಅಮ್ಮ ನೀರು ತಂದಳು. ಅವನು ಕುಡಿದು, ಬಾಯಿ ಒರೆಸಿಕೊಂಡು, "ಹಾಲಿನವನಿಗೆ ಒತ್ತು" ಎಂದ.